ಮೂವತ್ತೇಳನೇ ಸೀಟಿನ ಗಾಳಿ

ದೇಗುವಿನ ಆಗಸ್ಟ್ ಎಂದರೆ ಮುಚ್ಚಳ ಬಿಗಿದ ಪಾತ್ರೆ.
ಸುತ್ತ ಬೆಟ್ಟ, ತಳದಲ್ಲಿ ನಾವು,
ನಡುರಾತ್ರಿ ಕಳೆದರೂ ಉರಿ ಸಣ್ಣಗಾಗುವುದಿಲ್ಲ.

ನೆಲಮಾಳಿಗೆಯ ಗೇಮಿಂಗ್ ಅಂಗಡಿಯಲ್ಲಿ
ಅರವತ್ತು ಕಂಪ್ಯೂಟರು, ಅರವತ್ತು ಬೆನ್ನು.
ರಾತ್ರಿ ಪಾಳಿಯವಳಿಗೆ ಮುಖಗಳ ಪರಿಚಯ ಕಡಿಮೆ.
ಮೂವತ್ತೇಳರದು ಬ್ಯೊಂಗ್‌ಚಾನನ ಬೆನ್ನು:
ಊರಿಗೆಲ್ಲ ಊಟದ ಪೊಟ್ಟಣ ಹಂಚಿ ಹಂಚಿ
ಚೀಲದ ಪಟ್ಟಿ ಅಂಗಿಯ ಮೇಲೆ
ಉಪ್ಪಿನ ಗೆರೆ ಎಳೆದಿದೆ.

"ಚಿಕ್ಕಮ್ಮಾ, ಮತ್ತೆ ಸತ್ತಿತು."

ಒಂದೇ ವಾರದಲ್ಲಿ ಮೂರನೇ ಸಲ.
ಕೋಟೆಯ ಬಾಗಿಲು ಇನ್ನೇನು ಮುರಿಯಬೇಕು,
ಪರದೆ ಕಪ್ಪು.
ಅವನ ನಾಲ್ವರು ಗೆಳೆಯರು ಹೆಡ್‌ಫೋನಿನೊಳಗಿಂದ ಬೈಯುವುದು
ನನಗೂ ಕೇಳುತ್ತದೆ.

ಪಕ್ಕದ ಗಾಜು ಮುಟ್ಟಿದೆ,
ಅನ್ನ ಆಗಷ್ಟೇ ಬೆಂದ ಕುಕ್ಕರಿನ ಹೊಟ್ಟೆ.
ತೊಂಬತ್ತಾರು ಡಿಗ್ರಿ ದಾಟಿದರೆ
ಜೀವ ಉಳಿಸಿಕೊಳ್ಳಲೆಂದೇ ಸಾಯುತ್ತದೆ ಅದು.

ನಾಲ್ಕು ತಿರುಪು ಬಿಚ್ಚಿದೆ.
ಮುಂದಿನ ಜಾಲರಿಗೆ ಧೂಳಿನ ಕಂಬಳಿ,
ಅದರಲ್ಲೊಂದು ಉದ್ದ ಕೂದಲು, ನೂಡಲ್ಸಿನ ಒಣ ಚೂರು,
ಸಿಗರೇಟು ಗೂಡಿನಿಂದ ತಪ್ಪಿಸಿಕೊಂಡು ಬಂದ ಹಳದಿ ಜಿಗುಟು.
ಮೂಗಿಗೆ ಬಟ್ಟೆ ಕಟ್ಟಿ ಬ್ರಷ್ಷಿನಲ್ಲಿ ಎಬ್ಬಿಸಿದೆ.
ರೆಕ್ಕೆಗಳನ್ನು ಬೆರಳಲ್ಲಿ ಹಿಡಿದೇ ಊದಿದೆ,
ಬಿಟ್ಟು ಊದಿದರೆ ಹುಚ್ಚೆದ್ದು ತಿರುಗಿ ಬೇರಿಂಗು ಕೆಡುತ್ತದೆ.
ಮತ್ತೆ ಚಾಲೂ ಮಾಡಿದೆ. ತೊಂಬತ್ತೊಂದು.
ಇಷ್ಟೆಲ್ಲ ಗುಡಿಸಿದ್ದಕ್ಕೆ ಐದೇ ಡಿಗ್ರಿ ಕೂಲಿ.

ಗಾಳಿ ಕಣ್ಣಿಗೆ ಕಾಣುವುದಿಲ್ಲ, ಅದೇ ಅದರ ತೊಂದರೆ.
ಅಪ್ಪನ ತಿಥಿಗೆ ಕೊಂಡ ಊದುಬತ್ತಿ ಕೈಚೀಲದಲ್ಲಿತ್ತು.
ಒಂದನ್ನು ಹಚ್ಚಿ ಮುಂದೆ ಹಿಡಿದೆ:
ಹೊಗೆ ಬಾಗಿತು, ಒಳಗೆ ಹೋಯಿತು, ಸರಿ.
ಹಿಂದೆ ಹಿಡಿದೆ:
ಅಲ್ಲೂ ಒಳಗೇ ಹೋಯಿತು.

ಇಕ್ಕಟ್ಟು ಓಣಿಯಲ್ಲಿ ಎದುರಾದ ಲಾರಿಗಳಂತೆ
ಎರಡು ಗಾಳಿಗಳು ಮೂತಿಗೆ ಮೂತಿ ಕೊಟ್ಟು ನಿಂತಿವೆ,
ನಡುವೆ ಆ ಬಡಪಾಯಿ ಗ್ರಾಫಿಕ್ಸ್ ಕಾರ್ಡು
ಉಗುಳಿದ ಬಿಸಿಯನ್ನೇ ಮತ್ತೆ ಕುಡಿಯುತ್ತ.

ಫ್ಯಾನಿನ ಚೌಕಟ್ಟಿನ ಅಂಚಿನಲ್ಲಿ
ಎಳ್ಳಿನಷ್ಟು ಬಾಣದ ಗುರುತಿರುತ್ತದೆ, ಗಾಳಿಯ ದಿಕ್ಕಿಗೆ.
ಇಲ್ಲಿ ಅದು ಒಳಮುಖ.
ಯಾವ ಮುಠ್ಠಾಳ ಕೂರಿಸಿದ್ದು ಎಂದು ಬಾಯಿಗೆ ಬಂತು.
ಪಕ್ಕದಲ್ಲೇ ಅಂಟಿಸಿದ ಚೀಟಿ, ಜೋಡಿಸಿದ ತಾರೀಖು,
ಕೆಳಗೆ ನನ್ನದೇ ಕೈಬರಹ.

ಕೆಲಸಕ್ಕೆ ಸೇರಿದ ಮೊದಲ ವಾರ ಅದು.
ಮಾಲೀಕ ಪ್ಯೊ ಕೈಕಟ್ಟಿ ನಿಂತು ನೋಡುತ್ತಿದ್ದ,
ಐವತ್ತು ದಾಟಿದ ಹೆಂಗಸಿಗೆ ಇದೆಲ್ಲ ಬಂದೀತೇ ಎಂದು.
ಕೈ ನಡುಗಲಿಲ್ಲವೆಂಬ ಹೆಮ್ಮೆಯಲ್ಲಿ
ನಾನು ಬಾಣ ನೋಡಲಿಲ್ಲ.
ಮೂರು ಬೇಸಿಗೆ
ಈ ಪೆಟ್ಟಿಗೆ ಉಸಿರಾಡಿದ್ದು ಅದನ್ನೇ.

ಅಮ್ಮನಿಗೆ ಫ್ಯಾನೆಂದರೆ ಈಗಲೂ ಭಯ.
ಮುಚ್ಚಿದ ಕೋಣೆಯಲ್ಲಿ ಹಚ್ಚಿ ಮಲಗಿದರೆ
ಬೆಳಗಾಗುವಷ್ಟರಲ್ಲಿ ಹೆಣ ಎಂದು
ನಿದ್ದೆಗಣ್ಣಲ್ಲೇ ಎದ್ದುಬಂದು
ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡುತ್ತಿದ್ದಳು.
ಹೊದಿಕೆಯೊಳಗೆ ನಾವು ನಗುತ್ತಿದ್ದೆವು.
ನಗಬೇಕಾದ ಮಾತೇ.
ಆದರೂ ಆ ನಾಲ್ಕು ಬೆರಳು.

ಫ್ಯಾನನ್ನು ತಿರುಗಿಸಿ ಕೂರಿಸಿದೆ.
ಕೆದರಿದ ಕೇಬಲ್ಲುಗಳಿಗೆ ಜಡೆ ಹೆಣೆದು ಹಿಂದೆ ಕಟ್ಟಿದೆ.
ಪೆಟ್ಟಿಗೆಯನ್ನು ಗೋಡೆಯಿಂದ ಮುಂದೆಳೆದೆ,
ಅಳತೆ ನಿಮಗೆ ಗೊತ್ತೇ ಇದೆ.
ಹೊಗೆ ಮುಂದೆ ಹೊಕ್ಕು, ಒಳಗೊಮ್ಮೆ ಬಳುಕಿ,
ಪಾಳಿ ಮುಗಿಸಿದವರ ಹಾಗೆ
ಹಿಂಬಾಗಿಲಲ್ಲಿ ಹೊರಟಿತು.

ಎಪ್ಪತ್ತೆರಡು.

ಬ್ಯೊಂಗ್‌ಚಾನ್ ತಿರುಗಿ ನೋಡಲಿಲ್ಲ.
"ಏನಿದು, ಗುಡಿಯಲ್ಲಿ ಕೂತ ಹಾಗೆ ವಾಸನೆ" ಎಂದ,
ನೂಡಲ್ಸಿಗೆ ಮೊಟ್ಟೆ ಒಡೆದು ಹಾಕಲು ಹೇಳಿದ.
ಅವನ ಯಂತ್ರದ ಬಿಸಿ ಈಗ
ನೇರ ನನ್ನ ಕೌಂಟರಿಗೇ ಬಡಿಯುತ್ತದೆ.
ಬಡಿಯಲಿ.

ಆ ಮೊದಲ ವಾರ
ನಾನು ಒಟ್ಟು ಹನ್ನೊಂದು ಪೆಟ್ಟಿಗೆ ಜೋಡಿಸಿದ್ದೆ.
ಊದುಬತ್ತಿ ಇನ್ನೂ ಅರ್ಧ ಉಳಿದಿದೆ.